ನೀರು ಹಾಕಿದ ಹಗ್ಗ

ಅಪ್ಪಾ,

ಹೆದರಿಕೊಂಡೇ ಬರೆಯುತ್ತಿದ್ದೇನೆ, ಔಷಧಿ ಚೀಟಿಯ ಹಿಂಬದಿಗೆ. ಸೇಡಂನ ಈ ಆಸ್ಪತ್ರೆಯಲ್ಲಿ ಆಪರೇಷನ್ ಕೋಣೆ ತಯಾರಾಗಲು ಹತ್ತು ನಿಮಿಷವಿದೆ. ಒಳಗೆ ಮಲಗಿರುವವಳು ಮೈತ್ರಿ, ಐದು ವರ್ಷ, ವಾಡಿ ಊರ ಕಡೆಯ ಕಲ್ಲಿನ ಖಣಿಯವಳು. ಬೆಳಿಗ್ಗೆ ಕಲ್ಲಿನ ರಾಶಿಯಿಂದ ಬಿದ್ದು ಮೊಣಕೈ ಮೇಲಿನ ಎಲುಬು ಮುರಿದಿದೆ. ಅವಳಪ್ಪ ಚೌಡೇಶ ಬಿದಿರಿನ ದಬ್ಬೆ ಇಟ್ಟು, ಸೆಣಬಿನ ಹಗ್ಗ ಸುತ್ತಿ, ಮೇಲೆ ನೀರು ಹಾಕಿದ್ದಾನೆ. ಲಾರಿಯಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲು ಅಲುಗದಿರಲೆಂದು ನೀವೆಲ್ಲ ಹಾಕುತ್ತೀರಲ್ಲ, ಹಾಗೆ. ನೆನೆದ ಹಗ್ಗ ಇನ್ನಷ್ಟು ಬಿಗಿಯುತ್ತದೆ. ಕತ್ತರಿಸಿ ತೆಗೆದೆ. ಬೆರಳು ತಣ್ಣಗಿವೆ. ನಾಡಿ ಸಿಗುತ್ತಿಲ್ಲ.

ಚಿಕ್ಕಂದಿನಲ್ಲಿ ಕೈ ಮುರಿದಾಗ ಸುರೇಶಣ್ಣನಿಗೂ ನೀನು ಹೀಗೇ ಕಟ್ಟಿದ್ದೆ.

"ಅಳಬ್ಯಾಡೋ ಸುರ್ಯಾ, ಬಿಗಿ ಇದ್ರ ಎಲುಬು ಕೂಡತದ" ಅಂದಿದ್ದೆ. ಮೂರು ದಿನ ಬಿಚ್ಚಲಿಲ್ಲ. ಬಲಗೈ ಬೆರಳು ಮುದುಡಿ ಹಾಗೇ ಉಳಿದವು. ನೀವೆಲ್ಲ ಹಣೆಬರಹ ಅಂದಿರಿ. ಎಂಬಿಬಿಎಸ್ ಓದುವಾಗ ಪುಸ್ತಕದಲ್ಲಿ ಅದೇ ಕೈಯ ಚಿತ್ರ ಕಂಡೆ. ಹಣೆಬರಹವಲ್ಲ, ರಕ್ತ ಹರಿಯದೆ ಸತ್ತ ಕೈ. ಇಷ್ಟು ವರ್ಷ ನಿನಗೆ ಹೇಳಲು ಧೈರ್ಯವಾಗಲಿಲ್ಲ.

"ನಿಮ್ಮೋರಿಗೇನು, ಸೀಟು ಸುಲಭ ಸಿಗ್ತದ" ಎಂದ ಪ್ರೊಫೆಸರನ ಎದುರೇ ನಿಂತು ಎಲುಬಿನ ಶಸ್ತ್ರಚಿಕಿತ್ಸೆ ಕಲಿತೆ. ಅದರ ಮೇಲೆ ಎರಡು ವರ್ಷ ಬರೀ ಮಕ್ಕಳ ಎಲುಬಿನದೇ ಓದು. ಬೆಳೆಯುವ ತುದಿ ಕೆಟ್ಟರೆ ಕೈಯೇ ಸೊಟ್ಟ ಬೆಳೆಯುತ್ತದೆ. ನನ್ನ ಒಂದೊಂದು ಅರ್ಜಿಯನ್ನೂ ತುಂಬಿದ್ದು ಅಣ್ಣನ ಎಡಗೈ. ಬಾಗಿಲ ಫಲಕದಲ್ಲಿ ನನ್ನ ಡಿಗ್ರಿಗಳಿವೆ, ಆ ಕೈ ಇಲ್ಲ.

ತಪ್ಪು ನಿನ್ನದು ಅಪ್ಪಾ. ನಿನ್ನೊಬ್ಬನದಲ್ಲ. ಊರೂರಿನ ಆಸ್ಪತ್ರೆಗೆ ನೆಲ ಹಾಸಲು ಆಳುವವರು ಶಹಾಬಾದದ ಕಲ್ಲು ಒಯ್ದರು. ಅದನ್ನು ಒಡೆದವರ ಮಕ್ಕಳಿಗೆ ಒಬ್ಬ ಎಲುಬಿನ ಡಾಕ್ಟರನ್ನೂ ಕೊಡಲಿಲ್ಲ. ಅವರನ್ನು ನಾನು ಕ್ಷಮಿಸುವುದಿಲ್ಲ.

ಹೊರಗೆ ಚೌಡೇಶ ಕೇಳಿದ: "ನಾನೇ ಬಿಗಿ ಮಾಡಿದ್ನೇನ್ರೀ, ಮೇಡಂ?" ನಿನ್ನಂತೆಯೇ ಉಗುರಲ್ಲಿ ಕಲ್ಲಿನ ಪುಡಿ. "ಮೊದಲು ಕೈ ಉಳಸೋಣ್ರೀ" ಎಂದು ಮುಖ ತಿರುಗಿಸಿದೆ. ಮತ್ತೆ ಅದೇ ಹೇಡಿತನ.

ನರ್ಸ್ ಮಾಳಮ್ಮ ಕರೆಯುತ್ತಿದ್ದಾಳೆ, "ಬರ್ರಿ ಡಾಕ್ಟರಮ್ಮಾ, ತಯಾರಾಗ್ಯಾದ." ಹೋಗುತ್ತೇನೆ. ಹೊರಬಂದ ಮೇಲೆ, ಕೈ ಉಳಿದರೂ ಉಳಿಯದಿದ್ದರೂ, ಅವನಿಗೆ ನಿಜ ಹೇಳುತ್ತೇನೆ.

ನಿನಗೆ ಓದು ಬಾರದು. ಇದನ್ನು ಓದಿ ಹೇಳುವವನು ಅಣ್ಣನೇ. ಅಣ್ಣಾ, ನಿನ್ನ ಹೆಸರು ಬಂದಲ್ಲಿ ನುಂಗಬೇಡ, ಗಟ್ಟಿಯಾಗಿ ಓದು. ಓದಿ ಮುಗಿಸಿ ಅಪ್ಪನ ಕೈ ಹಿಡಿದುಕೋ, ಆ ಬಲಗೈಯಿಂದಲೇ.

ನನ್ನ ಕೈ ನಡುಗದಂತೆ ಇಬ್ಬರೂ ಹರಸಿರಿ. ಜೈಭೀಮ್.

ನಿಮ್ಮ
ಲುಂಬಿನಿ