ಭಂಡಾರ ಹಚ್ಚಿದ ಮತಗಳು

ಹಗರಿಬೊಮ್ಮನಹಳ್ಳಿ
14 ಜುಲೈ 2025

ಅಣ್ಣ ಕಾಂತೇಶನಿಗೆ,

ತಂಗಿ ಭೂಮಿಕಾಳ ನಮಸ್ಕಾರ. ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆಯುವುದು ವಾಡಿಕೆ. ಅವ್ವನ ಮಂಡಿನೋವು, ನನ್ನ ನಿರುದ್ಯೋಗ ಎರಡನ್ನು ಬಿಟ್ಟರೆ ಚೆನ್ನಾಗಿಯೇ ಇದ್ದೇವೆ. ನಿನ್ನ ಮಗಳು ಕೀರ್ತನಾ ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೆ, ಓದುತ್ತಾಳೆ, ಅವ್ವನ ಮಂಡಿಗೆ ಎಣ್ಣೆ ತಿಕ್ಕುತ್ತಾಳೆ. ನೀನು ಮುಖ್ಯೋಪಾಧ್ಯಾಯನಾದ ಸುದ್ದಿ ಬಂದದ್ದೂ ಅವಳಿಂದಲೇ. ಹರಪನಹಳ್ಳಿಯ ನಿಮ್ಮ ಶಾಲೆಯಲ್ಲಿ ಉಜ್ಜಿನಪ್ಪನವರೇ ಕೊಟ್ಟೂರಿನಿಂದ ಬಂದು ಶಾಲು ಹೊದಿಸಿದರಂತೆ. ಸಂತೋಷ. ಈ ಒಂದು ಪದವನ್ನು ಬರೆದು, ಹೊಡೆದುಹಾಕಿ, ಮತ್ತೆ ಬರೆದಿದ್ದೇನೆ. ಅಕ್ಷರ ಕೆಟ್ಟಿದ್ದರೆ ಅದಕ್ಕೇ.

ಫೋನು ಇರುವಾಗ ಪತ್ರವೇಕೆ ಎಂದು ನೀನು ಕೇಳಬಹುದು. ಎತ್ತಿದರಲ್ಲವೇ ಫೋನು? ಒಮ್ಮೆ ಎತ್ತಿದಾಗಲೂ ಪಾಠ ಇದೆ ಎಂದು ಇಟ್ಟುಬಿಟ್ಟೆ. ಬೇಸಿಗೆ ರಜೆಯಲ್ಲಿ ಯಾವ ಪಾಠವೋ ನನಗೆ ತಿಳಿಯಲಿಲ್ಲ. ಪತ್ರವಾದರೆ ಮಧ್ಯೆ ಬಾಯಿ ಹಾಕಲು ಆಗುವುದಿಲ್ಲ, ಪೂರ್ತಿ ಓದಲೇಬೇಕು. ನಿನಗೆ ಗೊತ್ತಿರುವ ಸಂಗತಿಯನ್ನೇ ಮೊದಲಿನಿಂದ ಬರೆಯುತ್ತೇನೆ, ಬೇಸರಿಸಬೇಡ. ಇಟ್ಟಿಗಿಯಲ್ಲಿ ನೀನು ಇದನ್ನೆಲ್ಲ ಬೇರೆ ಥರ ಹೇಳಿಕೊಂಡು ಬಂದೆಯಂತೆ.

ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಲ್ಲಿ ನಮ್ಮ ಐದು ತಾಲ್ಲೂಕಿನ ಪದವೀಧರರಿಗೆಂದು ಇದ್ದದ್ದು ಒಂದೇ ಸ್ಥಾನ. ಇಲ್ಲಿನ ಸ್ನಾತಕೋತ್ತರ ಕೇಂದ್ರವನ್ನು ಮುಚ್ಚಿ ದೂರದ ಮುಖ್ಯ ಆವರಣಕ್ಕೆ ಒಯ್ಯುವ ಮಾತು ಮಂಡಳಿಯಲ್ಲಿ ನಡೆದಿತ್ತು. ಬೆಳಿಗ್ಗೆ ಬಸ್ಸು ಹತ್ತಿ ಸಂಜೆ ಮನೆ ಸೇರಬಹುದು ಎಂಬ ಒಂದೇ ಕಾರಣಕ್ಕೆ ಗುಡೇಕೋಟೆ, ಚಿಗಟೇರಿ, ಇಟ್ಟಿಗಿಯ ಹುಡುಗಿಯರು ಎಂ.ಎ., ಎಂ.ಎಸ್ಸಿ. ಓದುತ್ತಿದ್ದಾರೆ. ಹಾಸ್ಟೆಲ್ಲಿಗೆ ಕಳಿಸಿ ಓದಿಸುವ ಮನೆಗಳಲ್ಲ ಅವು. ಕೇಂದ್ರ ಹೋದರೆ ಅವರ ಓದೂ ಹೋಯಿತು. ಅದನ್ನು ತಡೆಯಲು ಮಂಡಳಿಯೊಳಗೆ ನಮ್ಮವರೊಬ್ಬರು ಕೂರಬೇಕಿತ್ತು. ಅದೇ ಕೇಂದ್ರದಲ್ಲಿ ನಾನು ಅತಿಥಿ ಉಪನ್ಯಾಸಕಿ. ಅಲ್ಲಿ ಕೆಲಸ ಮಾಡುತ್ತ ನಿಲ್ಲುವಂತಿರಲಿಲ್ಲ, ಬಿಟ್ಟು ನಿಂತೆ.

ಎದುರಿಗೆ ನಿಂತವರು ಉಜ್ಜಿನಪ್ಪನವರು. ಶಾಲೆ ಅವರದು, ಕಾಲೇಜು ಅವರದು, ಕೊಟ್ಟೂರಿನಲ್ಲಿ ತಮ್ಮದೇ ಸ್ನಾತಕೋತ್ತರ ಕಾಲೇಜು ತೆರೆಯಲು ಅರ್ಜಿಯನ್ನೂ ಹಾಕಿದ್ದರು. ನಮ್ಮ ಕೇಂದ್ರ ಅವರಿಗೆ ಕಣ್ಣಲ್ಲಿ ಬಿದ್ದ ಕಸ. ನೀನು ಅವರ ಶಾಲೆಯಲ್ಲಿ ಸಂಬಳ ತಿನ್ನುವವನು, ನನ್ನ ಪರ ಓಡಾಡಿದರೆ ತೊಂದರೆಯಾದೀತು, ಮನೆಯಲ್ಲೇ ಇರು ಎಂದು ನಾನೇ ಹೇಳಿದ್ದೆ. ನೀನು ನಕ್ಕೆ. ಇಟ್ಟಿಗಿಯ ಗುಡಿಕಟ್ಟೆಯ ಮೇಲೆ ಹಿರಿಯರ ಮುಂದೆ, ತಂಗಿಗಿಂತ ನೌಕರಿ ದೊಡ್ಡದಲ್ಲ ಎಂದೆ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನೂ ಅಂದು ನಿನ್ನ ಧೈರ್ಯವನ್ನು ಬಾಯಿತುಂಬ ಹೊಗಳಿದೆ.

ಭಂಡಾರದ ಮಾತು ತೆಗೆದವನೂ ನೀನೇ. ಮನೆಮನೆಗೆ ಹೋಗಿ ನಮ್ಮ ಕಡೆಯ ಪದವೀಧರರಿಂದ ಮೈಲಾರಲಿಂಗನ ಭಂಡಾರ ಮುಟ್ಟಿಸಿ ಮಾತು ತೆಗೆದುಕೊಳ್ಳೋಣ ಎಂದೆ. ನನಗೆ ನಾಚಿಕೆಯಾಯಿತು. ಬಿ.ಎ., ಬಿ.ಎಸ್ಸಿ. ಮಾಡಿದವರ ಮುಂದೆ ಅರಿಶಿನದ ಚೀಲ ಬಿಚ್ಚಿ ಆಣೆ ಮಾಡಿಸುವುದೇ, ನಾನು ಕೇಂದ್ರದ ಮಾತು ಹೇಳಿ ಮತ ಕೇಳುತ್ತೇನೆ ಎಂದು ಜಗಳ ತೆಗೆದೆ. ಆಗ ನೀನು ಹೇಳಿದ್ದು ಈಗಲೂ ನನ್ನ ಕಿವಿಯಲ್ಲಿದೆ.

“ಓದಿದವ್ರು ಎಲ್ಲಿ ಉಂಡ್ರ ಅಲ್ಲೇ ವಾಲ್ತಾರವ್ವ. ಭಂಡಾರ ಮುಟ್ಟಿದಾವ ಮಾತು ತಪ್ಪಂಗಿಲ್ಲ.”

ನಾನು ಒಪ್ಪಿಕೊಂಡೆ. ನಿನ್ನ ಮಾತು ಸುಳ್ಳೂ ಆಗಿರಲಿಲ್ಲ. ಕುರಿ ಕಾದು, ಉಣ್ಣೆ ಮಾರಿ, ಮಕ್ಕಳಿಗೆ ಡಿಗ್ರಿ ಮಾಡಿಸಿದ ಮನೆಗಳು ನಮ್ಮವು. ಅಂಥ ಮನೆಗಳ ಮಕ್ಕಳು ಅಂಗೈಯಲ್ಲಿ ಭಂಡಾರ ಹಿಡಿದು ಮಾತು ಕೊಟ್ಟರು; ಒಬ್ಬರೂ ತಪ್ಪಲಿಲ್ಲ. ಉಜ್ಜಿನಪ್ಪನವರ ಕಡೆಯವರು ಹೂವಿನಹಡಗಲಿಯಲ್ಲಿ ಊಟ ಹಾಕಿಸಿದಾಗಲೂ ನಮ್ಮವರು ಉಂಡು ಕೈ ತೊಳೆದು ನನಗೇ ಮತ ಹಾಕಲು ಬಂದರು.

ಆಣೆಯ ಸಂಗತಿ ನನಗೆ ಗೊತ್ತಿತ್ತು. ಅದರ ಮೇಲೆ ನೀನು ಇನ್ನೊಂದು ಮಾತು ಸೇರಿಸಿದ್ದು ಗೊತ್ತಿರಲಿಲ್ಲ. ಮತಪತ್ರದಲ್ಲಿ ಒಂದು ಎಂದು ಬರೆದ ಮೇಲೆ, ಹಣೆಯ ಭಂಡಾರವನ್ನು ಬೆರಳಿಗೆ ತೆಗೆದುಕೊಂಡು ನನ್ನ ಹೆಸರಿನ ಮುಂದೆ ಹಚ್ಚಿ ಬನ್ನಿ, ಆಗಲೇ ಆಣೆ ಪೂರ್ತಿಯಾಗುವುದು ಎಂದೆಯಂತೆ. ಈ ಮತದಾನ ಯಂತ್ರದಲ್ಲಿ ಗುಂಡಿ ಒತ್ತುವುದಲ್ಲ, ಕಾಗದದ ಮೇಲೆ ಅಂಕಿ ಬರೆಯುವುದು. ನಮ್ಮ ಹುಡುಗರಲ್ಲಿ ಇಂಥದ್ದನ್ನು ಮೊದಲು ಕಂಡವರೇ ಇಲ್ಲ. ಕಾಂತೇಶ ಮೇಷ್ಟ್ರು ಹೇಳಿದ್ದಾರೆ ಎಂದರೆ ಮುಗಿಯಿತು; ಪ್ರತಿ ಚುನಾವಣೆಗೂ ಮತಗಟ್ಟೆಯ ಅಧಿಕಾರಿಯಾಗಿ ಹೋಗುವ ಮನುಷ್ಯ, ಆತನಿಗೆ ತಿಳಿಯದ ಕಾನೂನು ಯಾವುದಿದೆ?

ಗುಡೇಕೋಟೆಯ ಎರ್ರೆಮ್ಮ ನೆನಪಿದ್ದಾಳೆಯೇ? ಅವರ ಹಟ್ಟಿಯಲ್ಲಿ ಮೊದಲು ಡಿಗ್ರಿ ಮಾಡಿದವಳು. ಹಸುಗೂಸನ್ನು ಕಂಕುಳಲ್ಲಿಟ್ಟುಕೊಂಡು, ಕೂಡ್ಲಿಗಿಯಲ್ಲಿ ಮತ ಹಾಕಿ, ಅಲ್ಲಿಂದ ಮತ್ತೊಂದು ಬಸ್ಸು ಹಿಡಿದು ನನ್ನ ಮುಖ ನೋಡಿಹೋಗಲು ಇಲ್ಲಿಯವರೆಗೆ ಬಂದಳು. ಬೆರಳ ತುದಿ ಇನ್ನೂ ಹಳದಿಯಾಗಿತ್ತು. “ಅಕ್ಕಾ, ನಿನ್ನ ಹೆಸರಿಗೆ ಭಂಡಾರ ಹಚ್ಚಿ ಬಂದೀನಿ” ಎಂದಳು. ಎಲ್ಲಿಗೆ ಹಚ್ಚಿದೆ ಎಂದು ನಾನು ಕೇಳಲಿಲ್ಲ. ಯಾವುದೋ ಗುಡಿಯಲ್ಲಿ ನನ್ನ ಹೆಸರಿನಲ್ಲಿ ಹರಕೆ ಕಟ್ಟಿಕೊಂಡಿದ್ದಾಳೆ ಅಂದುಕೊಂಡು ಅವಳಿಗೆ ಚಹಾ ಕುಡಿಸಿ, ಕೂಸಿಗೆ ಬಿಸ್ಕತ್ತು ಕೊಟ್ಟು ಕಳಿಸಿದೆ.

ಎಣಿಕೆಯ ದಿನ ನೀನು ನನ್ನ ಪಕ್ಕದಲ್ಲೇ ಕೂತಿದ್ದೆ, ನನ್ನ ಏಜೆಂಟನಾಗಿ. ಪೆಟ್ಟಿಗೆ ಸುರಿದಾಗಲೇ ಅರಿಶಿನದ ವಾಸನೆ ಬಂತು. ಎಣಿಸುವವರು ನಕ್ಕರು, ಅಡುಗೆಮನೆಗೆ ಬಂದೆವೇನು ಎಂದು ಒಬ್ಬ ತಮಾಷೆ ಮಾಡಿದ. ಅಧಿಕಾರಿ ಮಾತ್ರ ನಗಲಿಲ್ಲ. ಒಂದು ಕಾಗದ ಎತ್ತಿ ನೋಡಿದರು, ಇನ್ನೊಂದು ಎತ್ತಿದರು. ಅಂಕಿಯ ಹೊರತು ಬೇರೆ ಯಾವ ಗುರುತಿದ್ದರೂ ಮತ ಕುಲಗೆಟ್ಟಂತೆ ಎಂದು ನಿಯಮ ಓದಿದರು. ಹಳದಿ ಹತ್ತಿದ್ದನ್ನೆಲ್ಲ ಒಂದು ಬುಟ್ಟಿಗೆ ಹಾಕುತ್ತ ಹೋದರು. ಒಂದೊಂದರಲ್ಲೂ ನನ್ನ ಹೆಸರು, ಅದರ ಮುಂದೆ ಚೊಕ್ಕ ಅಕ್ಷರದಲ್ಲಿ ಒಂದು ಎಂಬ ಅಂಕಿ, ಅದರ ಪಕ್ಕದಲ್ಲಿ ಭಕ್ತಿ.

ನಾನು ಎದ್ದು ನಿಂತು ವಾದ ಮಾಡಿದೆ. ಇದು ಗುರುತಲ್ಲ ಸರ್, ಕೈಗೆ ಹತ್ತಿದ್ದು ಕಾಗದಕ್ಕೂ ಹತ್ತಿದೆ, ಮತ ಯಾರಿಗೆಂದು ಸ್ಪಷ್ಟವಾಗಿಯೇ ಇದೆ ಎಂದೆ. ಒಂದೆರಡಾದರೆ ಹಾಗೆನ್ನಬಹುದು, ಇಷ್ಟೂ ಜನರ ಕೈ ಒಂದೇ ಜಾಗಕ್ಕೆ ಹತ್ತಿತೇ ಎಂದು ಅಧಿಕಾರಿ ಕೇಳಿದರು. ಉಜ್ಜಿನಪ್ಪನವರು ಕುರ್ಚಿಯಿಂದ ಏಳಲೂ ಇಲ್ಲ. ರೂಲು ಅಂದರೆ ರೂಲು ಎಂದು ಮೆತ್ತಗೆ ಹೇಳಿದರು. ನಾನು ನಿನ್ನತ್ತ ತಿರುಗಿದೆ. ಈ ಕೆಲಸದಲ್ಲಿ ಪಳಗಿದವನು, ಏನಾದರೂ ಒಂದು ಮಾತು ಎತ್ತುತ್ತೀಯೆಂದು ಕಾದೆ. ನೀನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಿದ್ದೆ. ಆಮೇಲೆ “ಸಹಿ ಮಾಡವ್ವ, ಹೊತ್ತಾಗ್ತೈತಿ” ಎಂದೆ. ಉಜ್ಜಿನಪ್ಪನವರು ಗೆದ್ದ ಅಂತರಕ್ಕಿಂತ ಆ ಬುಟ್ಟಿಯಲ್ಲಿದ್ದ ನನ್ನ ಮತಗಳು ಹೆಚ್ಚಿದ್ದವು. ನಾನು ಸಹಿ ಮಾಡಿದೆ.

ಮಂಡಳಿಯ ಮೊದಲ ಸಭೆಯಲ್ಲೇ ಕೇಂದ್ರ ಒಯ್ಯುವ ನಿರ್ಣಯವಾಯಿತು. ಪದವೀಧರರ ಪ್ರತಿನಿಧಿಯೇ ಅದನ್ನು ಅನುಮೋದಿಸಿದರಂತೆ. ಈಗ ಕೇಂದ್ರದ ಗೇಟಿಗೆ ಬೀಗ. ಬೆಳಗಿನ ಬಸ್ಸಿನಲ್ಲಿ ಬರುತ್ತಿದ್ದವರು ಬಂದು, ವರ್ಗಾವಣೆ ಪತ್ರ ಯಾರನ್ನು ಕೇಳಬೇಕು ಮೇಡಂ ಎಂದು ನನ್ನ ಮನೆಯ ಬಾಗಿಲು ತಟ್ಟುತ್ತಾರೆ. ಎರ್ರೆಮ್ಮನ ತಂಗಿ ಎರಡನೆಯ ವರ್ಷಕ್ಕೆ ಹೋಗುತ್ತಿಲ್ಲ. ಡಿಗ್ರಿ ಮುಗಿಸಿ ಎಂ.ಎ.ಗೆಂದು ಇಲ್ಲಿಗೆ ಬಂದಿದ್ದ ಕೀರ್ತನಾಳಿಗೆ ಮುಖ್ಯ ಆವರಣದಲ್ಲಿ ಹಾಸ್ಟೆಲ್ ಸಿಗುತ್ತದೆ, ನೀನು ಸೇರಿಸುತ್ತೀಯೆ. ಹೆಡ್ಮಾಸ್ತರರ ಮಗಳಿಗೆ ದಾರಿ ಇದೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಭಂಡಾರ ಹಚ್ಚಿದರೂ ಭೂಮಿಕಾ ಸೋತಳು ಎಂದರೆ ಮೈಲಾರನಿಗೇ ಅವಳು ಬೇಡವಾಗಿದ್ದಳು ಎಂದು ಜನ ಮಾತಾಡುತ್ತಿದ್ದಾರೆ. ಯಾರೋ ಮೈಲಿಗೆಯಲ್ಲಿ ಮುಟ್ಟಿರಬೇಕು, ಯಾರೋ ಆಣೆ ತಪ್ಪಿರಬೇಕು ಎಂದು ಒಬ್ಬರನ್ನೊಬ್ಬರು ಅನುಮಾನಿಸುತ್ತಿದ್ದಾರೆ. ಮೊನ್ನೆ ಎರ್ರೆಮ್ಮ ಫೋನು ಮಾಡಿ ಅತ್ತಳು. ಬಾಣಂತಿತನ ಮುಗಿದು ಬಹಳ ದಿನವಾಗಿರಲಿಲ್ಲವಂತೆ, ನನ್ನಿಂದಲೇ ಕೆಟ್ಟಿತೇನಕ್ಕಾ ಎಂದು ಕೇಳಿದಳು. ನಿನ್ನ ಮತ ನನಗೆ ಬಂತು ಕಣವ್ವ, ಚೆನ್ನಾಗಿಯೇ ಬಂತು ಎಂದು ಸುಳ್ಳು ಹೇಳಿದೆ. ಫೋನು ಇಟ್ಟ ಮೇಲೆ ನನಗೆ ನಿನ್ನ ಮೇಲೆ ಬಂದ ಸಿಟ್ಟನ್ನು ಇಲ್ಲಿ ಬರೆಯಲಾರೆ. ಅವ್ವ ಒಳಗೇ ಇದ್ದಳು, ಆದ್ದರಿಂದ ಪಾತ್ರೆಗಳ ಮೇಲೆ ತೀರಿಸಿಕೊಂಡೆ.

ಅವ್ವ ನಿನ್ನ ಪರವೇ. ಅವನು ದೇವರ ಮೇಲಿನ ನಂಬಿಕೆಯಿಂದ ಮಾಡಿದ, ಅವನಿಗೇನು ಗೊತ್ತಿತ್ತು ಎನ್ನುತ್ತಾಳೆ. ದೇವರ ಮೇಲೆ ನಿನಗೆ ಇಷ್ಟು ನಂಬಿಕೆ ಯಾವಾಗ ಬಂತೋ. ಕೈಗೆ ಭಂಡಾರ ಹತ್ತಿದರೆ ಅಂಗಿ ಕೆಡುತ್ತದೆ ಎಂದು ಮೈಲಾರಕ್ಕೆ ಬರಲೂ ಒಲ್ಲೆ ಎನ್ನುತ್ತಿದ್ದವನು. ಇರಲಿ. ಮನುಷ್ಯ ಬದಲಾಗುತ್ತಾನೆ. ನಾನು ಏನನ್ನೂ ಹೇಳುತ್ತಿಲ್ಲ. ಕುಂಬಳಕಾಯಿ ಕಳ್ಳ ಎಂದೊಡನೆ ನೀನು ಹೆಗಲು ಮುಟ್ಟಿ ನೋಡಿಕೊಳ್ಳಬೇಡ.

ನನಗೆ ಬೇಕಾದದ್ದು ಒಂದೇ. ಒಂದು ಭಾನುವಾರ ಬಿಡುವು ಮಾಡಿಕೊಂಡು ಇಟ್ಟಿಗಿಗೆ ಹೋಗು, ಗುಡೇಕೋಟೆಗೂ ಹೋಗು. ಭಂಡಾರ ಮುಟ್ಟಿಸಿದ ಮನೆಗಳ ಮುಂದೆ ನಿಂತು, ದೇವರೂ ತಪ್ಪು ಮಾಡಲಿಲ್ಲ, ನೀವೂ ಆಣೆ ತಪ್ಪಲಿಲ್ಲ, ಕಾಗದಕ್ಕೆ ಹಚ್ಚಿರೆಂದು ಹೇಳಿ ಕೆಡಿಸಿದವನು ನಾನು ಎಂದು ಹೇಳು. ಗೊತ್ತಿಲ್ಲದೆ ಆಯಿತು ಎಂದು ಬೇಕಾದರೆ ಸೇರಿಸಿಕೋ, ನಾನು ಎದುರಾಡುವುದಿಲ್ಲ. ನನ್ನ ಸ್ಥಾನ ತಿರುಗಿ ಬರುವುದಿಲ್ಲ, ಕೇಂದ್ರವೂ ಬರುವುದಿಲ್ಲ. ಎರ್ರೆಮ್ಮನಂಥವರು ತಮ್ಮ ಬೆರಳನ್ನು ತಾವೇ ಶಪಿಸಿಕೊಳ್ಳುವುದು ನಿಂತರೆ ಸಾಕು. ಹೆಡ್ಮಾಸ್ತರರಿಗೆ ಇದು ಕಷ್ಟದ ಕೆಲಸ ಎಂದು ನನಗೆ ಗೊತ್ತು. ಆದರೂ ಚಿಕ್ಕಂದಿನಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಒಯ್ದವನು ನೀನು, ಆ ಸಲಿಗೆಯಿಂದ ಕೇಳುತ್ತಿದ್ದೇನೆ.

ಅವ್ವ ನಿನಗೆ ಆಶೀರ್ವಾದ ತಿಳಿಸಲು ಹೇಳಿದ್ದಾಳೆ, ತಿಳಿಸಿದ್ದೇನೆ.

ಇಂತು,
ಇನ್ನೂ ನಿನ್ನ ತಂಗಿಯೇ ಆಗಿರುವ
ಭೂಮಿಕಾ

ಮರೆತ ಮಾತು: ಮರೆತದ್ದಲ್ಲ, ಬರೆಯದೆ ಮುಗಿಸೋಣ ಎಂದಿದ್ದೆ. ಮೊನ್ನೆ ರೊಟ್ಟಿ ಬಡಿಯುವಾಗ, ಪಾಪ ಎಲ್ಲರ ಮತವೂ ಕೆಟ್ಟಿತಲ್ಲ ಎಂದು ಅವ್ವ ಪೇಚಾಡುತ್ತಿದ್ದಳು. ಕೀರ್ತನಾ ನನ್ನನ್ನು ಸಮಾಧಾನ ಮಾಡಲೆಂದೇ ಹೇಳಿದಳು: “ನನ್ನ ಓಟು ಕೆಟ್ಟಿಲ್ಲತ್ತಿ. ನಾ ಹಚ್ಚಿಲ್ಲ. ಮನ್ಯಾಗಿಂದ ಹೊಂಡಾಗ ಅಪ್ಪ ಹೇಳಿದ್ದ, ನೀ ಹಚ್ಚಬ್ಯಾಡವ್ವ, ಹಚ್ಚಿದ್ರ ಓಟು ಕೆಡತೈತಿ ಅಂತ.” ಹೇಳಿ ಮುಗಿಸಿದ ಮೇಲೆ ಅವಳ ಕೈ ಹಿಟ್ಟಿನ ಮೇಲೆ ಹಾಗೇ ನಿಂತಿತು. ನಾಗರಪಂಚಮಿಗೆ ತನ್ನನ್ನು ಕರೆಯಲು ನೀನು ಬರುವುದು ಬೇಡವಂತೆ. ಇದನ್ನು ಬರೆ ಎಂದವಳು ಅವಳೇ.