ಅತ್ತೆಯ ಬಾಯಲ್ಲಿ ಮಾವನ ಹೆಸರು

19 ನವೆಂಬರ್ 2025, ಬುಧವಾರ

ಹನ್ನೆರಡು ವರ್ಷದ ತಲೆನೋವು ಇವತ್ತು ಜಗಲಿಯ ಮೇಲೇ ಮುಗಿಯಿತು. ತೀರಿಹೋದ ಮಾವನ ಜಮೀನನ್ನು ಅತ್ತೆಯ ಹೆಸರಿಗೆ ಮಾಡಲು ಗ್ರಾಮ ಲೆಕ್ಕಿಗರೇ ಮನೆಗೆ ಬಂದರು. ಪೌತಿ ಖಾತೆಗೆ ನಾಡಕಚೇರಿ ಅಲೆಯುವ ಕಾಲ ಹೋಯಿತಂತೆ, ಹೊಸ ಆದೇಶ.

ಮೊಬೈಲ್ ಹಿಡಿದು, "ಯಜಮಾನ್ರ ಹೆಸರೇನಮ್ಮಾ?" ಅಂದರು.

"ಗಂಡನ್ ಎಸ್ರ ಬಾಯಲ್ ಯೋಳ್ತಾರಾ? ಮೇಲುಕೋಟೆ ದ್ಯಾವ್ರ ಎಸ್ರು ಬರ್ಕಳಿ," ಅಂದರು ಅತ್ತೆ.

ನಾನು ಬಾಯಿ ತೆರೆಯುವಷ್ಟರಲ್ಲಿ ಲೆಕ್ಕಿಗರು 'ನರಸಿಂಹೇಗೌಡ' ಎಂದು ಜೋರಾಗಿ ಹೇಳಿಕೊಳ್ಳುತ್ತಾ ಬರೆದೂ ಆಯಿತು.

"ಅಯ್ಯೋ, ಬೆಟ್ಟದ್ ಮ್ಯಾಲಿನ್ ದ್ಯಾವ್ರಲ್ಲ ಕಣಪ್ಪಾ, ಕೆಳಗಿನ್ ದ್ಯಾವ್ರು! ಚೆಲುವೇಗೌಡ! ನನ್ ಗಂಡ ಚೆಲುವೇಗೌಡ!" ಅತ್ತೆ ಕೂಗಿಯೇಬಿಟ್ಟರು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮದುಮಗಳ ಹಾಗೆ ನಕ್ಕರು.

ಈ ದಿನಚರಿ ಪುಸ್ತಕದಲ್ಲಿ ನಾನೂ ಇಷ್ಟು ವರ್ಷ ನನ್ನ ಗಂಡನನ್ನು 'ಇವರು' ಎಂದೇ ಬರೆದಿದ್ದೇನೆ. ಇಗೋ, ಶಿವಪ್ರಕಾಶ. ಚೆನ್ನಾಗಿಯೇ ಇದೆ ಹೆಸರು.