ನಿನ್ನ ಮಾತನ್ನು ಸಭೆಯಲ್ಲಿ ಆಡಿದೆ

ನಿನ್ನೆ ಬರೆದಿದ್ದೆನಲ್ಲ ಜೆನೆಟ್, ಊರವರು ಕ್ವೇಕರರೆಂದು ಆಡಿಕೊಳ್ಳುವ ನಮ್ಮ ಸಭೆಯ ಮೌನದಲ್ಲಿ ನಿಮಗೆಲ್ಲ ದೇವರು ಸಿಗುತ್ತಾನೆ, ನನಗೆ ಮೊಣಕಾಲು ನೋವು ಮಾತ್ರ ಎಂದು. ಇವತ್ತು ತಡೆಯಲಾರದೆ ಎದ್ದು ನಿಂತೆ. ದೇವರು ಒಳಗಿನಿಂದ ನುಡಿಸಿದವರು ಮಾತ್ರ ಏಳಬೇಕು, ಗೊತ್ತು. ಕೇಂಬ್ರಿಜಿನಲ್ಲಿ ಕಲಿತ ಲ್ಯಾಟಿನ್ ಅರ್ಧಂಬರ್ಧ ನೆನಪಾಯಿತು, ನುಂಗಿಕೊಂಡೆ. ಬಾಯಿಗೆ ಬಂದದ್ದು ಇದು: "ಈ ಕತ್ತಲ ಕೋಣೆಯಲ್ಲೂ ಅವನು ನನ್ನ ಪಕ್ಕ ಕೂತಿದ್ದಾನೆ."

"ಕೂತ್ಕೊಳೋ ಆಂಟನಿ," ಎಂದಳು ಮುದುಕಿ ಮಾರ್ಜರಿ. "ಅದು ನಿನ್ನ ಹೆಂಡ್ತಿ ಜೆನೆಟ್ ಸಾಯೋ ಮುಂಚೆ ಜೈಲಿಂದ ಬರೆದಿದ್ದು. ನಾವೆಲ್ಲ ಓದಿಸ್ಕೊಂಡು ಕೇಳಿದೀವಿ. ನಿಂದೇನಿದೆ, ಅದನ್ನ ಹೇಳು."

"ನಂದೇನೂ ಇಲ್ಲ ಮಾರ್ಜರಿ."

"ಅಷ್ಟೆಲ್ಲ ಓದ್ಕೊಂಡು ಇವತ್ತೊಂದು ನಿಜ ಹೇಳ್ದೆ ನೋಡು," ಎಂದು ಬೆಂಚಿನಲ್ಲಿ ಸರಿದು ಜಾಗ ಕೊಟ್ಟಳು.

ಕೂತೆ. ಏನೂ ಬರಲಿಲ್ಲ. ಅಂದು ನ್ಯಾಯಾಧೀಶರೆದುರು ನೀನು, ನಮ್ಮ ಸಭೆಯವರು ಆಣೆ ಇಡುವುದಿಲ್ಲ ಎಂದು ಹೇಳಿ ಜೈಲಿಗೆ ಹೋದೆ. ಹಸು ಕರೆಯುವವರಿಲ್ಲ ಎಂಬ ನೆಪ ಹೇಳಿಕೊಂಡು ನಾನು ಬೈಬಲ್ ಮುಟ್ಟಿ ಆಣೆ ಇಟ್ಟು ಮನೆಗೆ ಬಂದೆ. ನೀನು ತಿರುಗಿ ನೋಡಿದೆಯೋ ಇಲ್ಲವೋ, ನಾನು ನೋಡಲಿಲ್ಲ.

ಅವನು ನಿಜವಾಗಿಯೂ ನಿನ್ನ ಪಕ್ಕ ಕೂತಿದ್ದನೇ ಜೆನೆಟ್? ಇಲ್ಲಾ ನನ್ನ ಸಮಾಧಾನಕ್ಕೆಂದು ಹಾಗೆ ಬರೆದೆಯಾ? ಇದನ್ನು ಬೇರೆ ಯಾರ ಹತ್ತಿರ ಕೇಳಲಿ? ಕಿಟಕಿಯ ಬೆಳಕು ಹೋಗುತ್ತಿದೆ, ಈ ಸಾಲು ನನಗೇ ಕಾಣುತ್ತಿಲ್ಲ.